ಅಮ್ಮನ ಜೊತೆ ಇರಲು ನಾನು ವಿದೇಶಿಯಾಗಬೇಕಾ?

ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ, ರಾಜ್ಯಸಭೆಯಲ್ಲಿರುವ ನಮ್ಮ 12 ಮಂದಿಗೆ,

ನಮಸ್ಕಾರ.

ಈ ಪತ್ರ ಒಂದೇ ಒಂದು ಕಲಮಿನ ಬಗ್ಗೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ. ಭಾರತದ ಪ್ರಜೆಯೊಬ್ಬರು ತಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಅಲ್ಲಿಗೆ ಅವರ ಭಾರತದ ಪೌರತ್ವ ಮುಗಿಯಿತು ಅನ್ನುತ್ತದೆ ಅದು. ಇದಕ್ಕೆ ಅರ್ಜಿ ಬೇಡ, ಆದೇಶ ಬೇಡ. ತಾನಾಗಿಯೇ ಹೋಗುತ್ತದೆ. ಈ ಕಲಂ ಬದಲಾಗಬೇಕು ಅಂತ ನೀವು ಸಂಸತ್ತಿನಲ್ಲಿ ಕೇಳಬೇಕು ಅನ್ನುವುದು ನನ್ನ ಮನವಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನನ್ನ ಊರು ಸಾಗರ ತಾಲ್ಲೂಕಿನಲ್ಲಿ. ಕೆಲಸ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಜೊತೆಗೆ ಅಮೆರಿಕದ ಗ್ರೀನ್ ಕಾರ್ಡ್. ಊರಲ್ಲಿ ಅಮ್ಮ ಒಬ್ಬರೇ. ಅಪ್ಪ ಹೋದ ಮೇಲೆ ತೋಟದ ಪೂರ್ತಿ ಹೊಣೆ ಅವರದೇ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಸುವುದು, ಕೊನೆ ಕೊಯ್ಲಿಗೆ ಜನ ಹುಡುಕುವುದು, ಸೊಸೈಟಿ ಸಾಲ, ಎಲ್ಲವೂ. ಈಗ ಅವರಿಗೆ ಮಂಡಿ ನೋವು, ಕಣ್ಣೂ ಸರಿಯಾಗಿ ಕಾಣುವುದಿಲ್ಲ. ನನ್ನದು ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ವರ್ಷದಲ್ಲಿ ಅರ್ಧ ಭಾಗ ಊರಿಂದಲೇ ಮಾಡಲು ಕಂಪನಿ ಒಪ್ಪಿದೆ. ಊರಲ್ಲಿ ಈಗ ನೆಟ್ ಕೂಡ ಪರವಾಗಿಲ್ಲ, ಕರೆಂಟ್ ಇದ್ದಷ್ಟು ಹೊತ್ತು.

ಹಾಗಾದರೆ ಅಡ್ಡಿ ಏನು? ಗ್ರೀನ್ ಕಾರ್ಡೇ ಅಡ್ಡಿ. ಅಮೆರಿಕದಲ್ಲಿ ಕಾಯಂ ಆಗಿ ವಾಸ ಮಾಡುವವರಿಗೆ ಕೊಡುವ ಕಾರ್ಡು ಅದು. ವಾಸ ಮಾಡದಿದ್ದರೆ ಕಾರ್ಡಿಗೆ ಅರ್ಥ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಬರೀ ಆ ಕಾರ್ಡ್ ತೋರಿಸಿ ಒಳಗೆ ಹೋಗುವ ಹಾಗಿಲ್ಲ. ಹೊರಡುವ ಮೊದಲೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಿರಬೇಕು. ಆರು ತಿಂಗಳು ದಾಟಿದರೆ ವಿಮಾನ ನಿಲ್ದಾಣದಲ್ಲಿ ಹೊಸದಾಗಿ ಬಂದವರನ್ನು ಕೇಳುವ ಹಾಗೆ ಎಲ್ಲ ಕೇಳಬಹುದು. ಅಷ್ಟರೊಳಗೇ ವಾಪಸ್ ಹೋದರೂ, ವರ್ಷ ವರ್ಷವೂ ಹೀಗೇ ಮಾಡುತ್ತಿದ್ದರೆ 'ನಿಮ್ಮ ಮನೆ ನಿಜವಾಗಿ ಎಲ್ಲಿದೆ?' ಅನ್ನುವ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ಆ ಪ್ರಶ್ನೆಗೆ ನಾನು ಸತ್ಯ ಹೇಳಿದರೆ ಕಾರ್ಡಿಗೇ ಕುತ್ತು.

ಈ ಹೆದರಿಕೆ ಇಲ್ಲದವರು ಅಂದರೆ ಅಮೆರಿಕದ ಪ್ರಜೆಗಳು. ಅವರು ಸಾಗರಕ್ಕೆ ಬಂದು ಹತ್ತು ವರ್ಷ ಇದ್ದು ಹೋದರೂ ಅಮೆರಿಕ ಅವರನ್ನು ಹೊರಗೆ ನಿಲ್ಲಿಸುವುದಿಲ್ಲ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಿ, ಅದರಲ್ಲಿ ಕನಿಷ್ಠ 30 ತಿಂಗಳು ಅಲ್ಲೇ ಇದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ನನಗೂ ಆ ಅರ್ಹತೆ ಬಂದಿದೆ.

ಲೆಕ್ಕ ಎಲ್ಲಿಗೆ ಬಂತು ನೋಡಿ. ಅಮ್ಮನ ಹತ್ತಿರ ಜಾಸ್ತಿ ದಿನ ಇರಬೇಕು ಅಂದರೆ ನನಗೆ ಅಮೆರಿಕದ ಪಾಸ್‌ಪೋರ್ಟ್ ಬೇಕು. ಅದು ಬೇಕು ಅಂದರೆ ಅಮ್ಮ ಇರುವ ದೇಶಕ್ಕೆ ನಾನು ವಿದೇಶಿ ಆಗಬೇಕು. ಭಾರತವನ್ನು ಬಿಡುವ ಮನಸ್ಸಿಲ್ಲದವರನ್ನೇ ಈ ಕಾನೂನು ಬಿಡಿಸುತ್ತಿದೆ. ನನ್ನ ಪರಿಚಯದ ಕನ್ನಡ ಕೂಟದ ಮನೆಗಳಲ್ಲಿ ಅರ್ಧಕ್ಕರ್ಧ ಜನ ಪಾಸ್‌ಪೋರ್ಟ್ ಬದಲಾಯಿಸಿದ್ದು ಅಮೆರಿಕದ ಮೇಲಿನ ಮೋಹದಿಂದ ಅಲ್ಲ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಯಾವಾಗ ಎಷ್ಟು ದಿನ ಹೋಗಿ ಇರಬೇಕಾಗುತ್ತದೋ ಗೊತ್ತಿಲ್ಲ ಅಂತ.

'ಅಮ್ಮನನ್ನೇ ಕರೆದುಕೊಂಡು ಹೋಗಿ' ಅನ್ನುವವರಿದ್ದಾರೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳುವ ಹಕ್ಕು ಇರುವುದೂ ಅಮೆರಿಕದ ಪ್ರಜೆಗಳಿಗೇ, ಗ್ರೀನ್ ಕಾರ್ಡಿನವರಿಗೆ ಅಲ್ಲ. ಅದಿರಲಿ, 'ಅಲ್ಲಿಗೆ ಬಂದು ಕಿಟಕಿಯಿಂದ ಹಿಮ ನೋಡ್ತಾ ಕೂತ್ಕೊಳ್ಳೋಕಾ?' ಅಂತ ಅಮ್ಮ ಕೇಳಿಯಾಗಿದೆ. 'ಎಲ್ಲ ಬಿಟ್ಟು ಬಂದುಬಿಡಿ' ಅನ್ನುವವರೂ ಇದ್ದಾರೆ. ಮನೆಯಲ್ಲಿ ಇನ್ನೊಬ್ಬರ ಕೆಲಸ ಇದೆ, ಮಕ್ಕಳ ಶಾಲೆ ಇದೆ. ಬಿಟ್ಟು ಬರುವುದು ಸುಮ್ನೆ ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಅಂತ ಅವರಿಗೂ ಗೊತ್ತು.

ಇನ್ನು 'ಒಸಿಐ ಇದೆಯಲ್ಲ, ಅಷ್ಟು ಸಾಕಲ್ವಾ?' ಅನ್ನುವ ಮಾತು. ಒಸಿಐ ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡು. ನಿಮ್ಮಲ್ಲಿ ಹೆಚ್ಚಿನವರ ಉತ್ತರವೂ ಇದೇ ಇರಬಹುದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹೊರದೇಶಗಳಲ್ಲಿರುವ ಭಾರತೀಯರ ಬಗ್ಗೆ ಸರ್ಕಾರ ನೇಮಿಸಿದ್ದ ಎಲ್.ಎಂ. ಸಿಂಘ್ವಿ ಅವರ ಸಮಿತಿ 2002ರ ಜನವರಿಯಲ್ಲಿ ವರದಿ ಕೊಟ್ಟಿತು. ಕೆಲವು ಷರತ್ತುಗಳ ಜೊತೆ ದ್ವಿಪೌರತ್ವ, ಅಂದರೆ ಎರಡೂ ದೇಶಗಳ ಪೌರತ್ವ, ಕೊಡಬಹುದು ಅಂತ ಶಿಫಾರಸು ಮಾಡಿತ್ತು. 2003ರ ಜನವರಿಯಲ್ಲಿ ನಡೆದ ಮೊದಲ ಪ್ರವಾಸಿ ಭಾರತೀಯ ದಿವಸದಲ್ಲಿ ಪ್ರಧಾನಿ ವಾಜಪೇಯಿಯವರು ಅದನ್ನು ಕೊಡುವ ಮಾತನ್ನೂ ಆಡಿದರು. ಅದೇ ವರ್ಷದ ಕೊನೆಗೆ ಬಂದ ತಿದ್ದುಪಡಿಯಲ್ಲಿ ಯಾವ ದೇಶಗಳಲ್ಲಿರುವವರಿಗೆ ಇದು ಸಿಗುತ್ತದೆ ಅನ್ನುವ 16 ದೇಶಗಳ ಪಟ್ಟಿ ಇತ್ತು. 2005ರಲ್ಲಿ ಪಟ್ಟಿ ಬಿಟ್ಟು ಬಾಗಿಲು ದೊಡ್ಡದು ಮಾಡಿದರು. ಆದರೆ ಕೊನೆಗೆ ಒಸಿಐ ಅಂತ ಜನರ ಕೈಗೆ ಬಂದದ್ದು ಪೌರತ್ವ ಅಲ್ಲ, ಜೀವಮಾನದ ವೀಸಾ. ಮತ ಇಲ್ಲ, ಸರ್ಕಾರಿ ಕೆಲಸ ಇಲ್ಲ. ಹೋಗಿ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಪೊಲೀಸ್ ನೋಂದಣಿ ಬೇಡ. ಒಳ್ಳೆಯದೇ. ಇಲ್ಲ ಅನ್ನುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಕೆನಡಾ ಜೊತೆ ಜಗಳ ಆಗಿ ಭಾರತ ಅಲ್ಲಿನ ಪ್ರಜೆಗಳಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಅಕ್ಟೋಬರ್ ಕೊನೆಗೆ ಕೆಲವು ಬಗೆಯ ವೀಸಾ ಶುರುವಾದವು, ಇ-ವೀಸಾ ಶುರುವಾಗಲು ನವೆಂಬರ್ ಬಂತು. ಒಸಿಐ ಇದ್ದವರು ಆಗಲೂ ಓಡಾಡಿದರು. ಇಲ್ಲದವರು ದಸರಾ ದೀಪಾವಳಿಗೆ ತೆಗೆದ ಟಿಕೆಟ್ ಹಿಡಿದು ಕೂತರು. ಇಬ್ಬರೂ ಇಲ್ಲಿ ಹುಟ್ಟಿದವರೇ.

ಆದರೆ 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೊರೊನಾ ಅಂತ ವೀಸಾಗಳನ್ನು ನಿಲ್ಲಿಸಿದಾಗ, ಒಸಿಐ ಕಾರ್ಡಿನವರು ವೀಸಾ ಇಲ್ಲದೆ ಬರುವ ಸೌಲಭ್ಯವನ್ನೂ ಮಾರ್ಚ್ 13ರಿಂದ ತಡೆಹಿಡಿದರು. ಮೇ ತಿಂಗಳಲ್ಲಿ ಮನೆಯಲ್ಲಿ ತುರ್ತು ಇದ್ದವರಿಗೆ, ಹೀಗೆ ಕೆಲವರಿಗೆ ಮಾತ್ರ ದಾರಿ ಬಿಟ್ಟರು. ಎಲ್ಲ ಒಸಿಐದಾರರಿಗೂ ಬಾಗಿಲು ತೆರೆದದ್ದು ಅಕ್ಟೋಬರ್‌ನಲ್ಲಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವಿಮಾನ ಸಿಗುವುದು ಕಷ್ಟವಾಗಿತ್ತು, ನಿಜ. ವಿಮಾನ ಸಿಕ್ಕಿ ಇಳಿದ ಮೇಲೆ ಅವರನ್ನು ಒಳಗೆ ಬಿಡುವುದಿಲ್ಲ ಅನ್ನುವ ಮಾತಿರಲಿಲ್ಲ. ಪ್ರಜೆಗೂ ಕಾರ್ಡಿನವರಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ಅಮ್ಮನಿಗೆ ನಾನು ಬೇಕಾಗುವುದೂ ಇಂಥ ಹೊತ್ತಿನಲ್ಲೇ.

ನಮ್ಮ ತಾಲ್ಲೂಕಿನವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಸಿಐ ಅನ್ನುವುದು ಗೇಣಿ ಇದ್ದ ಹಾಗೆ. ಎಷ್ಟು ವರ್ಷ ಉತ್ತರೂ ಒಡೆಯರ ಮನಸ್ಸು ಬದಲಾದರೆ ಮುಗಿಯಿತು. 1951ರಲ್ಲಿ ಕಾಗೋಡಿನಲ್ಲಿ ರೈತರು ಎದ್ದು ನಿಂತದ್ದು ಇಂಥ ಬದುಕಿನ ವಿರುದ್ಧವೇ.

ಸರ್ಕಾರದ ಮನಸ್ಸು ಬದಲಾಗುತ್ತಲೇ ಇದೆ. 2020ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ವೃತ್ತಿ ಕೋರ್ಸುಗಳ ಪ್ರವೇಶದಲ್ಲಿ ಒಸಿಐ ಮಕ್ಕಳ ಪರ ತೀರ್ಪು ಕೊಟ್ಟಿತು. ಮೂರು ತಿಂಗಳು ಆಗುವುದರೊಳಗೆ, 2021ರ ಮಾರ್ಚ್ 4ರಂದು, ಕೇಂದ್ರದ ಅಧಿಸೂಚನೆ ಬಂತು. ನೀಟ್, ಜೆಇಇ ಬರೆದರೂ ಎನ್‌ಆರ್‌ಐ ಸೀಟು ಮಾತ್ರ, ಭಾರತೀಯರಿಗೆ ಮೀಸಲಾದ ಸೀಟು ಇಲ್ಲ ಅಂತ. ಸಂಶೋಧನೆ, ಪತ್ರಿಕೋದ್ಯಮ, ಪರ್ವತಾರೋಹಣಕ್ಕೆ ವಿಶೇಷ ಅನುಮತಿ ಬೇಕು ಅಂತ. ಇಲ್ಲೇ ಬೆಳೆದು, ಬೆಂಗಳೂರಲ್ಲೋ ಮೈಸೂರಲ್ಲೋ ಪಿಯುಸಿ ಓದುತ್ತಿದ್ದ ಮಕ್ಕಳು ಒಂದೇ ದಿನದಲ್ಲಿ ಬೇರೆ ಸಾಲಿಗೆ ಹೋದರು. ಆ ದಿನಕ್ಕೆ ಮುಂಚೆ ಒಸಿಐ ಪಡೆದ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಹೇಳಬೇಕಾಯಿತು. ಆಮೇಲಿನವರ ಗತಿ ಹಾಗೇ ಇದೆ.

2025ರ ಆಗಸ್ಟ್‌ನಲ್ಲಿ ಇನ್ನೊಂದು ಅಧಿಸೂಚನೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದಾದ ಅಪರಾಧದಲ್ಲಿ ಚಾರ್ಜ್‌ಶೀಟ್ ಹಾಕಿದರೆ ಒಸಿಐ ರದ್ದು ಮಾಡಬಹುದು. ತಪ್ಪು ಮಾಡಿದ್ದಾರೆ ಅಂತ ಕೋರ್ಟ್ ಹೇಳುವುದು ಬೇಡ, ಚಾರ್ಜ್‌ಶೀಟ್ ಸಾಕು. ಊರಿನ ಆಸ್ತಿ ಜಗಳಗಳಲ್ಲಿ ಫೋರ್ಜರಿ, ಮೋಸ ಅಂತ ದೂರು ಹೇಗೆ ಬೀಳುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸಣ್ಣ ತಾಪತ್ರಯಗಳನ್ನೂ ಒಂದೆರಡು ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ ಊರಿಗೆ ಬಂದ ತಕ್ಷಣ ಆಧಾರ್ ಮಾಡಿಸಲು ಅವಕಾಶ ಇದೆ. ಒಸಿಐನವರು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದಿರಬೇಕು. ಇತ್ತ ಪಹಣಿಗೆ ಆಧಾರ್ ಜೋಡಿಸಿ ಅಂತ ಕಂದಾಯ ಇಲಾಖೆ ಹೇಳುತ್ತಿದೆ. ಪೌತಿ ಖಾತೆ ಮಾಡಿಸಲು ರಜೆ ಹಾಕಿ ಬಂದವರು ಎಲ್ಲಿಗೆ ಹೋಗಬೇಕು? ಇನ್ನು ತೋಟ, ಗದ್ದೆ ಕೊಳ್ಳುವ ಹಾಗಿಲ್ಲ, ದಾನಪತ್ರದಲ್ಲಿ ಪಡೆಯುವ ಹಾಗೂ ಇಲ್ಲ, ವಾರಸಿನಲ್ಲಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು ಅನ್ನುವ ನಿಯಮ ಇದೆಯಲ್ಲ, ಅದು ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ನಿಯಮ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೂ ಅದೇ. ಅದನ್ನು ಪೌರತ್ವದ ತಲೆಗೆ ಕಟ್ಟುವುದಿಲ್ಲ.

ಇದೆಲ್ಲಕ್ಕಿಂತ ನನಗೆ ನಿದ್ದೆ ಕೆಡಿಸಿರುವುದು ಬೇರೆಯೇ ಒಂದು ವಿಷಯ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮೆರಿಕದಲ್ಲಿ ಪ್ರಮಾಣವಚನ ಮಾಡಿದ ದಿನವೇ ಭಾರತದ ಪಾಸ್‌ಪೋರ್ಟ್ ಬಳಸುವ ಹಕ್ಕು ಹೋಗುತ್ತದೆ. ಬಳಸಿದರೆ ದಂಡ. ಆಮೇಲೆ ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ. ಅದು ಬಂದ ಮೇಲೆ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್. ಆಮೇಲೆ 275 ಡಾಲರ್ ಕಟ್ಟಿ ಒಸಿಐ ಅರ್ಜಿ. ಫೋಟೋ ಅಳತೆ ಸರಿಯಿಲ್ಲ, ಸಹಿ ಚೌಕದಿಂದ ಹೊರಗೆ ಹೋಗಿದೆ ಅಂತ ಅರ್ಜಿ ವಾಪಸ್ ಬರುವುದೂ ಉಂಟು. ವಾರಗಳು, ಕೆಲವರಿಗೆ ತಿಂಗಳುಗಳು. ಅಷ್ಟು ಕಾಲ ನಾವು ಎಲ್ಲ ವಿದೇಶಿಯರ ಹಾಗೆ ವೀಸಾ ಕೇಳಿಕೊಂಡೇ ಬರಬೇಕು. ಆ ನಡುವೆ ಸಾಗರದ ಆಸ್ಪತ್ರೆಯಿಂದ ಫೋನ್ ಬಂದರೆ? ನನ್ನ ಸ್ನೇಹಿತರೊಬ್ಬರಿಗೆ ಹಾಗೇ ಆಯಿತು. ತಂದೆಯವರು ಐಸಿಯುನಲ್ಲಿದ್ದಾರೆ ಅಂತ ಆಸ್ಪತ್ರೆಯಿಂದ ಪತ್ರ ತರಿಸಿ, ತುರ್ತು ವೀಸಾಗೆ ಓಡಾಡಿ, ಅವರು ಹಾಸನ ಮುಟ್ಟುವಾಗ ಎಲ್ಲ ಮುಗಿದಿತ್ತು. ಹುಟ್ಟಿ ಬೆಳೆದ ಮನೆಗೆ ಹೋಗಲು ಕಾರಣ ಬರೆದು ಕೊಡಬೇಕಾಗಿ ಬಂದದ್ದನ್ನು ಅವರು ಈಗಲೂ ಮರೆತಿಲ್ಲ.

ಈ ಕಾಗದಗಳ ಸಾಲಿಗೆ ಕಾರಣ ಅದೇ 9ನೇ ಕಲಂ. ಅಮೆರಿಕದ ಪ್ರಮಾಣವಚನದಲ್ಲಿ ಹಳೆಯ ನಿಷ್ಠೆ ತೊರೆಯುತ್ತೇನೆ ಅನ್ನುವ ಮಾತು ಇದೆ, ನಿಜ. ಹಾಗಂತ ಹಳೆಯ ಪಾಸ್‌ಪೋರ್ಟ್ ತೋರಿಸು, ಹರಿದು ಹಾಕು ಅಂತ ಆ ದೇಶ ಕೇಳುವುದಿಲ್ಲ. ಅಲ್ಲಿನ ಪ್ರಜೆಗಳು ಬೇರೆ ದೇಶದ ಪೌರತ್ವ ಪಡೆದರೂ ತಾವಾಗಿ ಬಿಡುವವರೆಗೆ ಅಮೆರಿಕದ್ದು ಹೋಗುವುದಿಲ್ಲ. ಇದಕ್ಕೂ ಒಂದು ಹಿನ್ನೆಲೆ ಇದೆ. ಬೇಯ್ಸ್ ಅಫ್ರೊಯಿಮ್ ಅನ್ನುವವರು ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು. ಇಸ್ರೇಲಿನ ಚುನಾವಣೆಯಲ್ಲಿ ಮತ ಹಾಕಿದರು ಅಂತ ಅವರ ಪೌರತ್ವ ಹೋಯಿತು ಅಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಜೆಯ ಒಪ್ಪಿಗೆ ಇಲ್ಲದೆ ಪೌರತ್ವ ಕಿತ್ತುಕೊಳ್ಳುವ ಅಧಿಕಾರ ಸರ್ಕಾರಕ್ಕಿಲ್ಲ ಅಂತ 1967ರಲ್ಲಿ ತೀರ್ಪು ಬಂತು. ಐದು ನ್ಯಾಯಾಧೀಶರು ಆ ಕಡೆ, ನಾಲ್ವರು ಈ ಕಡೆ. ಅಲ್ಲೂ ಇದು ಸಲೀಸಾಗಿ ಬಂದದ್ದಲ್ಲ.

ಜರ್ಮನಿ 2024ರ ಜೂನ್‌ನಿಂದ ಹಳೆಯ ಪೌರತ್ವ ಬಿಡಿ ಅನ್ನುವುದನ್ನು ಕೈಬಿಟ್ಟಿದೆ. ಟರ್ಕಿಯವರು ಎರಡನ್ನೂ ಇಟ್ಟುಕೊಳ್ಳುತ್ತಾರೆ. ನಮ್ಮವರಿಗೆ ಬರ್ಲಿನ್ ಒಪ್ಪಿದರೂ ದಿಲ್ಲಿ ಒಪ್ಪುವುದಿಲ್ಲ. ಪಾಕಿಸ್ತಾನ ಆಯ್ದ ದೇಶಗಳ ಜೊತೆ ಇದನ್ನು ಒಪ್ಪುತ್ತದೆ. ಶ್ರೀಲಂಕಾದಲ್ಲಿ ಅರ್ಜಿ ಹಾಕಿ ಪಡೆಯಬಹುದು, ಆದರೆ ಅಂಥವರು ಸಂಸದರಾಗುವ ಹಾಗಿಲ್ಲ. ಚೀನಾ, ಜಪಾನ್, ಸಿಂಗಪುರ ಒಪ್ಪುವುದಿಲ್ಲ, ಅದನ್ನೂ ಹೇಳಬೇಕು. ನನಗೆ ಹಿಡಿಸಿದ್ದು ಫಿಲಿಪ್ಪೀನ್ಸ್ ದಾರಿ. ನಾವು ತಿದ್ದುಪಡಿ ತಂದ 2003ರಲ್ಲೇ ಅವರೂ ಕಾನೂನು ಮಾಡಿದರು. ಹುಟ್ಟಿನಿಂದ ಫಿಲಿಪ್ಪೀನ್ಸ್ ಪ್ರಜೆಯಾಗಿದ್ದು ಬೇರೆ ಪೌರತ್ವ ಪಡೆದವರು ಒಂದು ಪ್ರಮಾಣವಚನ ಮಾಡಿದರೆ ಅವರ ಪೌರತ್ವ ಉಳಿಯುತ್ತದೆ. ಚುನಾವಣೆಗೆ ನಿಲ್ಲಬೇಕಾದರೆ ಬೇರೆ ದೇಶದ್ದನ್ನು ಬಿಡಬೇಕು. ನಮ್ಮ ಹಾಗೆ ಲಕ್ಷಾಂತರ ಜನ ಹೊರಗೆ ದುಡಿದು ಮನೆಗೆ ಹಣ ಕಳಿಸುವ ದೇಶ ಅದು.

'ನಮ್ಮ ಸಂವಿಧಾನ ಒಪ್ಪುವುದಿಲ್ಲ' ಅಂತ ನಿಮ್ಮ ಕಚೇರಿಯವರು ಉತ್ತರ ಬರೆಯಬಹುದು. ದಯವಿಟ್ಟು ಇನ್ನೊಮ್ಮೆ ಓದಿ ನೋಡಲು ಹೇಳಿ. ಸಂವಿಧಾನದ 9ನೇ ವಿಧಿ ಹೇಳುವುದು ಸಂವಿಧಾನ ಜಾರಿಗೆ ಬರುವ ಮೊದಲು ಬೇರೆ ಪೌರತ್ವ ಪಡೆದವರ ಬಗ್ಗೆ. ಸುಪ್ರೀಂ ಕೋರ್ಟ್ ಇದನ್ನು 1962ರಲ್ಲೇ ಇಜ್ಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಹೇಳಿದೆ. ಆಮೇಲಿನದನ್ನು ಕಾನೂನು ಮಾಡಿ ನಿರ್ಧರಿಸುವ ಅಧಿಕಾರ 11ನೇ ವಿಧಿಯಲ್ಲಿ ಸಂಸತ್ತಿಗೇ ಇದೆ. ಅಂದರೆ ನಿಮಗೇ ಇದೆ.

ದೇಶದ ಭದ್ರತೆಯ ಪ್ರಶ್ನೆ ಸುಳ್ಳಲ್ಲ. ಆದರೆ ಇದನ್ನು ಯೋಚಿಸಿ. ಒಸಿಐನವರು ಇಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದರೆ ಅವರ ದೇಶದ ರಾಯಭಾರ ಕಚೇರಿ ಬಂದು ನಿಲ್ಲಬಹುದು, ಯಾಕೆಂದರೆ ಅವರು ವಿದೇಶಿ. ಎರಡೂ ಪೌರತ್ವ ಇರುವವರು ಭಾರತದಲ್ಲಿದ್ದಾಗ ಭಾರತದ ಲೆಕ್ಕಕ್ಕೆ ಬರೀ ಭಾರತೀಯರು. ತನ್ನದೇ ಪ್ರಜೆಯ ವಿಷಯದಲ್ಲಿ ಇನ್ನೊಂದು ದೇಶ ತಲೆ ಹಾಕುವ ಹಾಗಿಲ್ಲ ಅನ್ನುವುದು 1930ರ ಹೇಗ್ ಒಪ್ಪಂದದಿಂದಲೂ ಇರುವ ಮಾತು. ಹಿಡಿತ ಯಾವುದರಲ್ಲಿ ಜಾಸ್ತಿ? ತೆರಿಗೆ ತಪ್ಪಿಸುತ್ತಾರೆ ಅಂತಲೂ ಹೇಳುತ್ತಾರೆ. ನಮ್ಮ ಆದಾಯ ತೆರಿಗೆ ಮುಖ್ಯವಾಗಿ ನೋಡುವುದು ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದೆವು ಅನ್ನುವುದನ್ನು. ಅದು ಬದಲಾಗುವುದಿಲ್ಲ.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಇದು ಎಲ್ಲ ಅನಿವಾಸಿಗಳ ಬೇಡಿಕೆ ಅಲ್ಲ. ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರಿಗೆ ಅಲ್ಲಿನ ಪೌರತ್ವ ಸಿಗುವ ಮಾತೇ ಇಲ್ಲ. ಅವರು ಮೂವತ್ತು ವರ್ಷ ದುಡಿದರೂ ಭಾರತೀಯರಾಗಿಯೇ ವಾಪಸ್ ಬರುತ್ತಾರೆ. ಅವರಿಗೆ ಬೇಕಾದದ್ದು ಇದ್ದಲ್ಲಿಂದಲೇ ಮತ ಹಾಕುವ ವ್ಯವಸ್ಥೆ. ಅನಿವಾಸಿಗಳಿಗೆ ಮತ ಕೊಟ್ಟ ಕಾನೂನು 2011ರಿಂದ ಇದೆ, ಆದರೆ ಬೂತಿಗೇ ಬಂದು ನಿಲ್ಲಬೇಕು. ಅವರ ಬೇಡಿಕೆ ಮೊದಲು ಅಂತ ನೀವು ಅಂದರೆ ನನ್ನ ತಕರಾರಿಲ್ಲ. ಎರಡನ್ನೂ ಕೇಳಿ.

2022ರಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. 2023ರಲ್ಲಿ, 2024ರಲ್ಲಿ ಕೂಡ ಎರಡು ಲಕ್ಷ ದಾಟಿದೆ. ಕಾರಣ ವೈಯಕ್ತಿಕ, ಅದು ಅವರವರಿಗೇ ಗೊತ್ತು ಅನ್ನುವ ಉತ್ತರ ಪ್ರತಿ ಸಲ ಬರುತ್ತದೆ. ಅವರನ್ನು ಯಾರೂ ಕೇಳಿಲ್ಲ ಅಷ್ಟೇ. ಸರೆಂಡರ್ ಸರ್ಟಿಫಿಕೇಟಿನ ಅರ್ಜಿಯಲ್ಲೇ ಒಂದು ಪ್ರಶ್ನೆ ಹಾಕಿ: ಎರಡನ್ನೂ ಇಟ್ಟುಕೊಳ್ಳಲು ಬಿಟ್ಟಿದ್ದರೆ ಇದನ್ನು ಬಿಡುತ್ತಿದ್ದಿರಾ? ಒಂದು ವರ್ಷದ ಉತ್ತರ ಸಾಕು.

ನಾನು ಕೇಳುವುದು ಹೀಗೆ. ಹುಟ್ಟಿನಿಂದ ಭಾರತೀಯರಾದವರು ಬೇರೆ ಪೌರತ್ವ ಪಡೆಯುವ ಮೊದಲು ಅರ್ಜಿ ಹಾಕಿ, ಪರಿಶೀಲನೆ ಆಗಿ, ಅನುಮತಿ ಸಿಕ್ಕರೆ ಭಾರತದ ಪೌರತ್ವ ಉಳಿಸಿಕೊಳ್ಳುವ ದಾರಿ 9ನೇ ಕಲಮಿನಲ್ಲಿ ಬರಲಿ. ಯಾವ ದೇಶಗಳು ಅನ್ನುವ ಪಟ್ಟಿ ಸರ್ಕಾರ ಮಾಡಲಿ. ಶಾಸಕ, ಸಂಸದ ಸ್ಥಾನ, ಸೇನೆ, ಪೊಲೀಸ್, ನ್ಯಾಯಾಧೀಶರ ಹುದ್ದೆ ಇವಕ್ಕೆ ನಾವು ಬೇಡ, ಒಪ್ಪಿದ್ದೇವೆ. ಇದಕ್ಕೆ ಕಾಲ ಬೇಕು ಅಂತಾದರೆ ಅಲ್ಲಿಯವರೆಗೆ ಒಸಿಐ ಹಕ್ಕುಗಳನ್ನು ಕಾಯ್ದೆಯೊಳಗೇ ಬರೆಯಿರಿ, ಅಧಿಸೂಚನೆಯಲ್ಲಿ ಕೊಟ್ಟು ಅಧಿಸೂಚನೆಯಲ್ಲಿ ಕಿತ್ತುಕೊಳ್ಳುವ ಹಾಗಿರಬಾರದು. ರದ್ದು ಮಾಡುವುದು ಕೋರ್ಟ್ ತೀರ್ಪಿನ ಮೇಲೆ ಆಗಲಿ.

ಪ್ರಮಾಣವಚನ ಆದ ದಿನದಿಂದ ಒಸಿಐ ಕೈಗೆ ಬರುವವರೆಗೆ ಊರಿಗೆ ಬಂದು ಹೋಗಲು ಒಂದು ತಾತ್ಕಾಲಿಕ ಕಾಗದ ಕೊಡಲಿ. ಇದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ಗೃಹ ಸಚಿವಾಲಯದ ಒಂದು ಸುತ್ತೋಲೆ ಸಾಕು. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಗೃಹ ಸಚಿವರಿಗೆ ಈ ಪ್ರಶ್ನೆ ಹಾಕಿ. ಖಾಸಗಿ ಮಸೂದೆಗೆ ಶುಕ್ರವಾರ ಮಧ್ಯಾಹ್ನದ ಹೊತ್ತು ಇದ್ದೇ ಇದೆ. ಉತ್ತರ ಬರುವವರೆಗೆ ನನ್ನ ಅರ್ಜಿ ತಡೆದು ಇಟ್ಟಿದ್ದೇನೆ. ಅಮ್ಮನ ಆರೋಗ್ಯ ಹೀಗೇ ಇದ್ದರೆ ಬಹಳ ಕಾಲ ತಡೆಯಲು ಆಗುವುದಿಲ್ಲ.

ಇಂತಿ,
ಶಿವಮೊಗ್ಗ ಲೋಕಸಭಾ ಕ್ಷೇತ್ರದ ಅನಿವಾಸಿ ಮತದಾರರೊಬ್ಬರು